ತಾಯಿಗಿಡ ಬಾಡಿದ ಮೇಲೆ: ಮನೆಯಲ್ಲೇ ಬ್ರೊಮೀಲಿಯಾಡ್ ಗಿಡಗಳ ಸಸ್ಯಾಭಿವೃದ್ಧಿ



ನಾನು ಕೊಪ್ಪಳ ಜಿಲ್ಲೆಯ ಗಿಣಿಗೇರಾದಿಂದ ಬಂದವಳು. ಕೊಪ್ಪಳದಿಂದ ಹೊಸಪೇಟೆಗೆ ಬಸ್ಸಿನಲ್ಲಾಗಲಿ ರೈಲಿನಲ್ಲಾಗಲಿ ಹೋದವರು ನಮ್ಮೂರನ್ನು ನೋಡಿರುತ್ತೀರಿ. ಊರಿನ ಸುತ್ತ ಕಬ್ಬಿಣ, ಉಕ್ಕಿನ ಕಾರ್ಖಾನೆಗಳಿವೆ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟು ಹತ್ತಿರದಲ್ಲೇ ಇದ್ದರೂ ನಮ್ಮದು ಮಳೆ ಕಡಿಮೆಯ ಸೀಮೆ. ವರ್ಷಕ್ಕೆ ಬೀಳುವ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ. ಕೊಳವೆಬಾವಿಯ ನೀರು ಗಡಸು. ಕೊಡದ ಒಳಗೆ ಬಿಳಿಯ ಪದರ ಕಟ್ಟುವಂಥದ್ದು.

ಇಂಥ ಊರಿನಿಂದ ಬಂದು, ದೂರದ ಅಮೆರಿಕ ಖಂಡದ ಕಾಡುಗಳಿಂದ ಬಂದ ಬ್ರೊಮೀಲಿಯಾಡ್ ಗಿಡಗಳ ಬಗ್ಗೆ ಈಕೆ ಏನು ಹೇಳುತ್ತಾಳೆ ಎಂದು ತಮಗೆ ಅನಿಸಬಹುದು. ನನಗೂ ಮೊದಲು ಹಾಗೆಯೇ ಅನಿಸಿತ್ತು. ಆದ್ದರಿಂದ ನಾನು ಮೊದಲು ಮಾಡಿದ ತಪ್ಪಿನಿಂದಲೇ ಮಾತು ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿರುವ ನನ್ನ ತಮ್ಮ ದೀಪಾವಳಿಗೆ ಊರಿಗೆ ಬಂದಾಗ ಒಂದು ಕುಂಡ ತಂದುಕೊಟ್ಟ. ಬೆಳ್ಳಿಯ ಬೂದಿ ಬಳಿದಂಥ ಅಗಲ ಎಲೆಗಳು, ನಡುವೆ ಗುಲಾಬಿ ಬಣ್ಣದ ಹೂಗೊಂಚಲು. ಅದರ ಹೆಸರು ಈಕ್ಮಿಯಾ. ಆ ಹೂವು ಎರಡು ಮೂರು ತಿಂಗಳು ಬಾಡಲೇ ಇಲ್ಲ. ಮನೆಗೆ ಬಂದವರೆಲ್ಲ ಮುಟ್ಟಿ ನೋಡಿ, ಇದು ಪ್ಲಾಸ್ಟಿಕ್ಕಿನದೇ ಎಂದು ಕೇಳುತ್ತಿದ್ದರು. ಆಮೇಲೆ ಬೇಸಿಗೆ ಬಂತು. ಹೂವು ಕಂದಿತು, ಎಲೆಯ ತುದಿ ಒಣಗಿತು. ನಾನು ನೀರು ಹೆಚ್ಚು ಹಾಕಿದೆ, ಗೊಬ್ಬರ ಹಾಕಿದೆ, ನೆರಳಿಗೆ ಇಟ್ಟೆ, ಬಿಸಿಲಿಗೆ ಇಟ್ಟೆ. ಏನು ಮಾಡಿದರೂ ಗಿಡ ಚೇತರಿಸಿಕೊಳ್ಳಲಿಲ್ಲ. ನಮ್ಮ ನೀರಿಗೆ, ನಮ್ಮ ಬಿಸಿಲಿಗೆ, ನಮ್ಮ ಧೂಳಿಗೆ ಇಂಥ ಗಿಡ ಬಾಳುವುದಿಲ್ಲ ಎಂದು ತೀರ್ಮಾನಿಸಿ ಒಂದು ದಿನ ಅದನ್ನು ಕುಂಡದಿಂದ ಕಿತ್ತು ತಿಪ್ಪೆಗೆ ಒಯ್ಯುತ್ತಿದ್ದೆ.

ಆಗ ಜಗಲಿಯ ಮೇಲೆ ಕುಳಿತಿದ್ದ ನಮ್ಮ ಅತ್ತೆ ತಡೆದರು. ಅವರ ತವರು ಆನೆಗುಂದಿಯ ಕಡೆ. ಬಾಳೆಯ ತೋಟದಲ್ಲೇ ಬೆಳೆದವರು. ಗಿಡವನ್ನು ಕೈಗೆ ತೆಗೆದುಕೊಂಡು ಬುಡ ನೋಡಿದರು. "ಎಲ್ಲಿಗೆ ಒಗ್ಯಾಕ ಹೊಂಟೀಯವ್ವಾ? ಬುಡದಾಗ ಕಂದು ಐತಿ ನೋಡು. ಬಾಳಿ ಗೊನಿ ಹಾಕಿದ ಮ್ಯಾಲ ಏನಾಕ್ಕೈತಿ? ಇದೂ ಹಂಗ" ಎಂದರು.

ನೋಡಿದರೆ ನಿಜವಾಗಿಯೂ ಒಣಗಿದ ಎಲೆಗಳ ಸಂದಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಎರಡು ಹಸಿರು ಮೊಳಕೆಗಳು ಇದ್ದವು. ಬ್ರೊಮೀಲಿಯಾಡ್ ಎಂಬ ಹೆಸರನ್ನೇ ಕೇಳದ ನಮ್ಮ ಅತ್ತೆ ಆ ಗಿಡದ ಜೀವನಕ್ರಮವನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು.

ಈ ದಿನ ನಾನು ಹೇಳಬೇಕಾದ ಮುಖ್ಯ ವಿಷಯವೂ ಅದೇ. ಬ್ರೊಮೀಲಿಯಾಡ್ ಗಿಡಗಳ ಬಹುತೇಕ ಎಲ್ಲ ಜಾತಿಗಳಲ್ಲೂ ಒಂದು ಬುಡ ಒಂದೇ ಸಲ ಹೂ ಬಿಡುತ್ತದೆ. ಹೂ ಬಿಟ್ಟ ಮೇಲೆ ಅದು ಮೆಲ್ಲಗೆ ಬಾಡುತ್ತದೆ. ಬಾಡುವ ಮುನ್ನ ಬುಡದಲ್ಲಿ ಕಂದುಗಳನ್ನು ಬಿಡುತ್ತದೆ. ಇದು ರೋಗವಲ್ಲ, ನಮ್ಮ ಊರಿನ ದೋಷವೂ ಅಲ್ಲ. ಇನ್ನೊಂದು ಮಾತು. ಅಂಗಡಿಯಲ್ಲಿ ನಾವು ಗಿಡವನ್ನು ಕೊಳ್ಳುವುದು ಹೂವು ನೋಡಿ. ಅಂದರೆ, ಮನೆಗೆ ತರುವಾಗಲೇ ಆ ಗಿಡ ತನ್ನ ಜೀವನದ ಕೊನೆಯ ಘಟ್ಟದಲ್ಲಿರುತ್ತದೆ. ಇದನ್ನು ತಿಳಿಯದೆ ಎಷ್ಟೋ ಮಂದಿ ತಮ್ಮ ಕೈಗುಣ ಸರಿಯಿಲ್ಲವೆಂದು ಬೇಸರಪಟ್ಟು ಜೀವವಿರುವ ಕಂದುಗಳನ್ನು ತಿಪ್ಪೆಗೆ ಹಾಕುತ್ತಾರೆ.

ಈ ಗಿಡಗಳ ಕುಟುಂಬ ದೊಡ್ಡದು. 3,500ಕ್ಕೂ ಹೆಚ್ಚು ಪ್ರಭೇದಗಳಿವೆ. ಪಶ್ಚಿಮ ಆಫ್ರಿಕದಲ್ಲಿರುವ ಒಂದೇ ಒಂದು ಪ್ರಭೇದವನ್ನು ಬಿಟ್ಟರೆ ಉಳಿದೆಲ್ಲವುಗಳ ತವರು ಅಮೆರಿಕ ಖಂಡಗಳು. ಓಲಾಫ್ ಬ್ರೊಮೀಲಿಯಸ್ ಎಂಬ ಸ್ವೀಡನ್ ದೇಶದ ಸಸ್ಯಶಾಸ್ತ್ರಜ್ಞನ ನೆನಪಿಗಾಗಿ ಈ ಹೆಸರು ಬಂದಿದೆ. ಹೆಸರು ಪರದೇಶದ್ದು ಎಂದು ಹೆದರಬೇಕಾಗಿಲ್ಲ. ಈ ಕುಟುಂಬದ ಒಬ್ಬ ಸದಸ್ಯ ನಮಗೆಲ್ಲ ಹಳೆಯ ಪರಿಚಯದವನೇ. ಅದೇ ಅನಾನಸು.

ಕೊಲಂಬಸ್ ಮತ್ತು ಅವನ ಜೊತೆಗಾರರು 1493ರಲ್ಲಿ ಗ್ವಾಡಲೂಪ್ ದ್ವೀಪದಲ್ಲಿ ಅನಾನಸನ್ನು ಕಂಡರು. ಪೋರ್ಚುಗೀಸರು ಅದನ್ನು ನಮ್ಮ ದೇಶಕ್ಕೆ ತಂದರು. ಮೊಗಲ್ ಬಾದಶಹ ಜಹಾಂಗೀರ್ ತನ್ನ ಆತ್ಮಚರಿತ್ರೆಯಲ್ಲಿ, ಆಗ್ರಾದ ಗುಲ್ ಅಫ್ಶಾನ್ ತೋಟದಲ್ಲಿ ವರ್ಷಕ್ಕೆ ಸಾವಿರಾರು ಅನಾನಸು ಬೆಳೆಯುತ್ತಿದ್ದವೆಂದು ಬರೆದಿದ್ದಾನೆ. ಆಗ್ರಾದ ಬೇಸಿಗೆ ನಮ್ಮ ಕೊಪ್ಪಳದ ಬೇಸಿಗೆಗಿಂತ ತಂಪಾದುದೇನಲ್ಲ ಎಂಬುದನ್ನು ತಾವು ಗಮನಿಸಬೇಕು. ನಮ್ಮ ರಾಜ್ಯದಲ್ಲಿ ಬನವಾಸಿ, ಸೊರಬ, ಸಾಗರದ ಕಡೆ ಅನಾನಸಿನ ಬೆಳೆ ಚೆನ್ನಾಗಿದೆ. ಅಲ್ಲಿಯ ರೈತರು ಬೀಜ ಬಿತ್ತುವುದಿಲ್ಲ, ಕಂದು ನೆಡುತ್ತಾರೆ. ಅವರು ತೋಟದಲ್ಲಿ ಮಾಡುವ ಕೆಲಸವನ್ನೇ ನಾವು ಕುಂಡದಲ್ಲಿ ಮಾಡುತ್ತೇವೆ.

ಹೊಸದಾಗಿ ಕಲಿಯುವವರು ಅನಾನಸಿನಿಂದಲೇ ಆರಂಭಿಸಿದರೆ ಒಳ್ಳೆಯದು. ದುಡ್ಡಿನ ಖರ್ಚಿಲ್ಲ. ಸಂತೆಯಿಂದ ಹಣ್ಣು ತಂದಾಗ ನೆತ್ತಿಯ ಎಲೆಗೊಂಚಲನ್ನು ಎಸೆಯಬೇಡಿ. ಅದನ್ನು ಗಟ್ಟಿಯಾಗಿ ಹಿಡಿದು ತಿರುವಿದರೆ ಹಣ್ಣಿನಿಂದ ಕಳಚಿಕೊಳ್ಳುತ್ತದೆ. ಹಣ್ಣಿನ ತಿರುಳು ಅಂಟಿಕೊಂಡಿದ್ದರೆ ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. ಕೆಳಗಿನ ಹತ್ತು ಹನ್ನೆರಡು ಎಲೆಗಳನ್ನು ಸುಲಿದು, ನೆರಳಿನಲ್ಲಿ ಮೂರು ನಾಲ್ಕು ದಿನ ಒಣಗಲು ಬಿಟ್ಟು, ಆಮೇಲೆ ನೆಡಬೇಕು. ಗಾಯ ಒಣಗಿದ ಮೇಲೆ ನೆಡುವುದು ಈ ಕುಟುಂಬದ ಎಲ್ಲ ಗಿಡಗಳಿಗೂ ಅನ್ವಯಿಸುವ ನಿಯಮ. ನೆತ್ತಿಯಿಂದ ಬೆಳೆದ ಅನಾನಸು ಫಲ ಕೊಡಲು ಸುಮಾರು ಎರಡು ವರ್ಷ ತೆಗೆದುಕೊಳ್ಳುತ್ತದೆ. ಬುಡದ ಕಂದಿನಿಂದಾದರೆ ಒಂದೂವರೆ ವರ್ಷ. ಕುಂಡದಲ್ಲಿ ಬೆಳೆದ ಹಣ್ಣು ಸಣ್ಣದೇ. ಆದರೆ ಮಕ್ಕಳು ಆ ಗಿಡದ ಮುಂದೆ ನಿಂತು ಎರಡು ವರ್ಷ ಕಾಯುವುದನ್ನು ಕಲಿಯುತ್ತಾರೆ.

ಈಗ ಅಲಂಕಾರದ ಗಿಡಗಳಿಗೆ ಬರೋಣ. ಇಲ್ಲಿ ಮೇಜಿನ ಮೇಲಿರುವ ಈ ಗಿಡವನ್ನು ನೋಡಿ. ಎಲೆಗಳು ಒಂದರೊಳಗೊಂದು ಸೇರಿ ನಡುವೆ ಒಂದು ಬಟ್ಟಲಿನ ಆಕಾರ ಬಂದಿದೆ. ಕಾಡಿನಲ್ಲಿ ಇಂಥ ಗಿಡಗಳು ದೊಡ್ಡ ಮರದ ಕೊಂಬೆಯ ಮೇಲೆ ಕುಳಿತಿರುತ್ತವೆ. ಮರದ ರಸವನ್ನು ಹೀರುವುದಿಲ್ಲ. ನಮ್ಮ ಮಾವಿನ ಮರದ ಬದನಿಕೆಯಂತೆ ಇದು ಪರಾವಲಂಬಿಯಲ್ಲ. ಬೇರು ಇರುವುದು ಮುಖ್ಯವಾಗಿ ಹಿಡಿದುಕೊಳ್ಳುವುದಕ್ಕೆ. ಮಳೆಯ ನೀರು, ಉದುರಿದ ಎಲೆಯ ಸಾರ ಈ ಬಟ್ಟಲಿನಲ್ಲಿ ನಿಲ್ಲುತ್ತದೆ. ಎಲೆಯ ಮೇಲಿರುವ ಅತಿ ಸಣ್ಣ ಶಲ್ಕಗಳ ಮೂಲಕ ಗಿಡ ಅದನ್ನು ಹೀರಿಕೊಳ್ಳುತ್ತದೆ. ಇವುಗಳಲ್ಲಿ ಅನೇಕ ಜಾತಿಗಳು, ನಮ್ಮ ಅನಾನಸೂ ಸೇರಿದಂತೆ, ಹಗಲಿನ ಬಿಸಿಲಿನಲ್ಲಿ ಎಲೆಯ ಪತ್ರರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿಯ ತಂಪಿನಲ್ಲಿ ತೆರೆಯುತ್ತವೆ. ಹೊಲದ ಬದುವಿನ ಕತ್ತಾಳೆಯೂ ಹೀಗೆಯೇ ಮಾಡುತ್ತದೆ. ಆದ್ದರಿಂದ ಇವಕ್ಕೆ ಬೇಕಾಗುವ ನೀರು ತುಂಬ ಕಡಿಮೆ. ನೀರಿಗೆ ಸಾಲು ನಿಲ್ಲುವ ನಮ್ಮಂಥ ಊರಿನವರಿಗೆ ಇದು ದೊಡ್ಡ ಗುಣ.

ಜಾತಿಯ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಗುಜ್ಮೇನಿಯಾ. ಕೆಂಪು, ಹಳದಿ ನಕ್ಷತ್ರದಂಥ ಹೂಗೊಂಚಲು. ನೋಡಲು ಸುಂದರ, ಆದರೆ ಅದಕ್ಕೆ ತೇವದ ಗಾಳಿ, ದಟ್ಟ ನೆರಳು ಬೇಕು. ಬಯಲುಸೀಮೆಯವರು ಮೊದಲಿಗೇ ಅದನ್ನು ತಂದು ಸೋಲಬಾರದು. ಈಕ್ಮಿಯಾ, ಬಿಲ್ಬರ್ಜಿಯಾ, ನಿಯೋರೆಜೀಲಿಯಾ ಇವು ಗಟ್ಟಿ ಜಾತಿಗಳು. ಡಿಕಿಯಾ ಎಂಬುದು ಮುಳ್ಳಿನ ಅಂಚಿನ ಗಿಡ, ಬಿಸಿಲನ್ನೂ ತಡೆಯುತ್ತದೆ. ನಮ್ಮ ಮನೆಯಲ್ಲಿ ಬದುಕಿ ಉಳಿದಿರುವವು ಇವೇ.

ಇನ್ನು ಕಂದು ಬಿಡಿಸುವ ಕ್ರಮ. ಇಲ್ಲಿಯೇ ನಾನು ಎರಡನೆಯ ತಪ್ಪು ಮಾಡಿದೆ. ಅತ್ತೆ ಕಂದು ತೋರಿಸಿದ ಉತ್ಸಾಹದಲ್ಲಿ ಅಂದೇ ಒಂದನ್ನು ಕಿತ್ತು ನೆಟ್ಟೆ. ಅದು ಇನ್ನೂ ಹೆಬ್ಬೆರಳಿನಷ್ಟಿತ್ತು. ಹದಿನೈದು ದಿನದಲ್ಲಿ ಒಣಗಿ ಹೋಯಿತು. ಎರಡನೆಯದಕ್ಕೆ ಕೈ ಹಚ್ಚಲು ಅತ್ತೆ ಬಿಡಲಿಲ್ಲ. ತಾಯಿಗಿಡವನ್ನು ಹಾಗೆಯೇ ಕುಂಡಕ್ಕೆ ಮರಳಿಸಿ, ಮಳೆಗಾಲದವರೆಗೆ ಇಟ್ಟೆವು. ಆ ಕಂದು ಬದುಕಿತು.

ಕಾರಣ ಸರಳವಾಗಿದೆ. ಎಳೆಯ ಕಂದಿಗೆ ಸ್ವಂತ ಬೇರಿಲ್ಲ, ನೀರು ಹಿಡಿಯುವ ಬಟ್ಟಲೂ ಪೂರ್ತಿ ಆಗಿರುವುದಿಲ್ಲ. ಅದು ತಾಯಿಯ ಸಾರದಿಂದಲೇ ಬೆಳೆಯುತ್ತಿರುತ್ತದೆ. ಬಾಡಿದಂತೆ ಕಾಣುವ ತಾಯಿಗಿಡ ಆಗ ಸುಮ್ಮನೆ ಕುಳಿತಿಲ್ಲ. ತನ್ನಲ್ಲಿ ಉಳಿದದ್ದನ್ನು ಕಂದಿಗೆ ಉಣಿಸುತ್ತಿದೆ. ಆದ್ದರಿಂದ ಹೂವಿನ ಕಡ್ಡಿ ಒಣಗಿದ ಮೇಲೆ ಅದನ್ನು ಮಾತ್ರ ಕತ್ತರಿಸಿ ತೆಗೆಯಿರಿ, ಗಿಡವನ್ನು ತೆಗೆಯಬೇಡಿ. ಕಂದು ತಾಯಿಯ ಎತ್ತರದ ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ಆಗುವವರೆಗೆ ಕಾಯಿರಿ. ಇದಕ್ಕೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಅನುಮಾನವಿದ್ದರೆ ಇನ್ನೂ ಒಂದು ತಿಂಗಳು ಕಾಯಿರಿ. ತಡವಾಗಿ ಬಿಡಿಸಿ ಕೆಟ್ಟವರಿಲ್ಲ, ಅವಸರದಿಂದ ಕೆಟ್ಟವರು ಬಹಳ.

ಋತುವನ್ನೂ ನೋಡಬೇಕು. ನಮ್ಮ ಭಾಗದಲ್ಲಿ ಮಾರ್ಚಿಯಿಂದ ಮೇ ತಿಂಗಳವರೆಗೆ ಕಂದು ಬಿಡಿಸುವುದು ಬೇಡ. ಮುಂಗಾರಿನ ಒಂದೆರಡು ಮಳೆ ಬಿದ್ದು ಗಾಳಿ ತಂಪಾದ ಮೇಲೆ, ಜೂನ್ ಕೊನೆಯಿಂದ ಸೆಪ್ಟೆಂಬರವರೆಗೆ ಒಳ್ಳೆಯ ಕಾಲ.

ಬಿಡಿಸುವ ವಿಧಾನ ಹೀಗಿದೆ. ಹರಿತವಾದ ಚೂರಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಒರೆಸಿಕೊಳ್ಳಿ. ತಾಯಿಗಿಡವನ್ನು ಕುಂಡದಿಂದ ಮೆಲ್ಲಗೆ ಹೊರತೆಗೆಯಿರಿ. ಮುಳ್ಳಿನ ಜಾತಿಯಾದರೆ ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ಕೆಳಗಿನ ಒಣ ಎಲೆಗಳನ್ನು ಸುಲಿದರೆ ಕಂದು ಎಲ್ಲಿ ಅಂಟಿದೆ ಎಂದು ಕಾಣುತ್ತದೆ. ಕಂದಿನ ಬುಡ ಪೂರ್ತಿಯಾಗಿ ಬರುವಂತೆ, ತಾಯಿಯ ದಿಂಡಿಗೆ ತಾಗಿಯೇ ಕತ್ತರಿಸಬೇಕು. ಮೇಲಿನಿಂದ ಕತ್ತರಿಸಿದರೆ ಎಲೆಗಳು ಬಿಡಿ ಬಿಡಿಯಾಗಿ ಕೈಗೆ ಬರುತ್ತವೆ, ಕಂದು ಕೆಟ್ಟಂತೆಯೇ. ನಿಯೋರೆಜೀಲಿಯಾದಲ್ಲಿ ಕೆಲವು ಸಲ ಕಂದು ಒಂದು ಉದ್ದ ಕಡ್ಡಿಯ ತುದಿಯಲ್ಲಿರುತ್ತದೆ. ಅದನ್ನು ಬಿಡಿಸುವುದು ಬಹಳ ಸುಲಭ. ಗುಜ್ಮೇನಿಯಾದಂಥ ಗಿಡಗಳಲ್ಲಿ ಕಂದು ಎಲೆಗಳ ನಡುವಿನಿಂದ ಬಂದಿದ್ದರೆ ಬಿಡಿಸಲು ಹೋಗಬೇಡಿ. ತಾಯಿಯ ಎಲೆಗಳು ಒಣಗಿದಂತೆ ಒಂದೊಂದಾಗಿ ಕತ್ತರಿಸುತ್ತ ಬಂದರೆ ಕಂದು ಅದೇ ಜಾಗದಲ್ಲಿ ಬೆಳೆದುಕೊಳ್ಳುತ್ತದೆ.

ಕತ್ತರಿಸಿದ ಕಂದನ್ನು ನೆರಳಿನಲ್ಲಿ ಒಂದೆರಡು ದಿನ ಬಿಡಿ. ಗಾಯ ಒಣಗಿ ಮುಚ್ಚಿಕೊಳ್ಳುತ್ತದೆ. ಬೇರು ಇಲ್ಲವೆಂದು ಗಾಬರಿಯಾಗಬೇಡಿ. ಬೇರಿಲ್ಲದ ಕಂದೂ ನಾಟಿಯಾಗುತ್ತದೆ.

ಮಣ್ಣಿನ ವಿಷಯದಲ್ಲಿ ನಮ್ಮವರು ತಪ್ಪುವುದು ಹೆಚ್ಚು. ಒಳ್ಳೆಯ ಎರೆ ಮಣ್ಣು, ಮೇಲೆ ಒಂದಿಷ್ಟು ತಿಪ್ಪೆಗೊಬ್ಬರ ಹಾಕಿದರೆ ಗಿಡ ದಷ್ಟಪುಷ್ಟವಾಗುತ್ತದೆ ಎಂಬ ನಂಬಿಕೆ. ಜೋಳಕ್ಕೆ, ಕಡಲೆಗೆ ಅದು ಸರಿ. ಮರದ ಕೊಂಬೆಯ ಮೇಲೆ ಬದುಕುವ ಗಿಡಕ್ಕೆ ಎರೆ ಮಣ್ಣು ಉಸಿರು ಕಟ್ಟಿಸುತ್ತದೆ. ಬೇಕಾದದ್ದು ಹಗುರವಾದ, ನೀರು ನಿಲ್ಲದ ಮಿಶ್ರಣ. ತೆಂಗಿನ ಸಿಪ್ಪೆಯ ಸಣ್ಣ ತುಂಡುಗಳು ಎರಡು ಪಾಲು, ಕಟ್ಟಿಗೆ ಇದ್ದಿಲಿನ ಚೂರು ಒಂದು ಪಾಲು, ದಪ್ಪ ಮರಳು ಇಲ್ಲವೆ ಇಟ್ಟಿಗೆಯ ಚೂರು ಒಂದು ಪಾಲು. ತೆಂಗಿನ ಸಿಪ್ಪೆಯಲ್ಲಿ ಉಪ್ಪಿನಂಶ ಇರುತ್ತದೆ. ಎರಡು ಮೂರು ದಿನ ನೀರಿನಲ್ಲಿ ನೆನೆಯಿಟ್ಟು, ನೀರು ಬದಲಿಸಿ, ತೊಳೆದು ಬಳಸಬೇಕು. ದೇವರಿಗೆ ಒಡೆದ ಕಾಯಿಯ ಸಿಪ್ಪೆ ಯಾರ ಮನೆಯಲ್ಲಿಲ್ಲ? ಹಾಗಾಗಿ ಇದಕ್ಕೂ ಖರ್ಚಿಲ್ಲ.

ಕುಂಡ ಸಣ್ಣದಿರಲಿ, ನಾಲ್ಕೈದು ಅಂಗುಲದ ಬಾಯಿ ಸಾಕು. ತಳದಲ್ಲಿ ರಂಧ್ರ ಇರಲೇಬೇಕು. ಕಂದಿನ ಬುಡದ ಒಂದು ಅಂಗುಲದಷ್ಟು ಮಾತ್ರ ಮಿಶ್ರಣದಲ್ಲಿ ಹುದುಗಿರಲಿ. ಆಳಕ್ಕೆ ಹೂತರೆ ಕೊಳೆಯುತ್ತದೆ. ಅಲುಗಾಡುವ ಕಂದು ಬೇರು ಬಿಡುವುದಿಲ್ಲ, ಆದ್ದರಿಂದ ಒಂದು ಕಡ್ಡಿ ಊರಿ ಬಟ್ಟೆಯ ದಾರದಿಂದ ಸಡಿಲವಾಗಿ ಕಟ್ಟಿ. ಸುಮಾರು ಆರು ವಾರಗಳಲ್ಲಿ ಬೇರು ಹಿಡಿಯುತ್ತದೆ. ಮೆಲ್ಲಗೆ ಎಳೆದು ನೋಡಿದಾಗ ತಡೆ ಸಿಕ್ಕರೆ ನಾಟಿಯಾಯಿತೆಂದು ತಿಳಿಯಬೇಕು.

ಕುಂಡವನ್ನು ಬೆಳಕಿರುವ ನೆರಳಿನಲ್ಲಿ ಇಡಬೇಕು. ಬೆಳಗಿನ ಎಳೆಬಿಸಿಲು ಬಿದ್ದರೆ ಒಳ್ಳೆಯದು, ಹತ್ತು ಗಂಟೆಯ ನಂತರದ ಬಿಸಿಲು ಬೇಡ. ಬೇವಿನ ಮರದ ಕೆಳಗಿನ ಜಾಗ ಉತ್ತಮ. ಮರವಿಲ್ಲದವರು ಪಡಸಾಲೆಯಲ್ಲೋ, ಹಸಿರು ನೆರಳುಪರದೆಯ ಹಂದರದ ಕೆಳಗೋ ಇಡಬಹುದು. ಬೇಸಿಗೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಕೊಡದ ಪಕ್ಕದಲ್ಲಿ ಕುಂಡಗಳನ್ನು ಒಟ್ಟಿಗೆ ಇಟ್ಟರೆ ಅಲ್ಲಿಯ ತಂಪು ಅವಕ್ಕೂ ಸಿಗುತ್ತದೆ.

ನೀರಿನ ಮಾತು ಹೇಳುತ್ತೇನೆ. ಗಡಸು ನೀರನ್ನು ಬಟ್ಟಲಿಗೆ ದಿನವೂ ಸುರಿದರೆ ಎಲೆಯ ಮೇಲೆ ಬಿಳಿಯ ಕಲೆ ನಿಲ್ಲುತ್ತದೆ, ಉಪ್ಪು ಸೇರಿ ಎಲೆಯ ತುದಿ ಸುಡುತ್ತದೆ. ಮಳೆಗಾಲದಲ್ಲಿ ಮಾಳಿಗೆಯಿಂದ ಇಳಿಯುವ ನೀರಿನಲ್ಲಿ ಮೊದಲ ಮಳೆಯದನ್ನು ಬಿಟ್ಟು, ಆಮೇಲಿನದನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಿಡಿದಿಟ್ಟುಕೊಳ್ಳಿ. ಒಂದು ಗಿಡಕ್ಕೆ ಬೇಕಾದದ್ದು ವಾರಕ್ಕೆ ಒಂದೆರಡು ಲೋಟ. ಒಂದು ಡ್ರಮ್ಮು ಹತ್ತು ಗಿಡಗಳನ್ನು ಬೇಸಿಗೆ ದಾಟಿಸುತ್ತದೆ.

ಈ ಬಟ್ಟಲಿನ ನೀರಿಗೆ ಒಂದು ಅಪಾಯವೂ ಇದೆ. ಇದನ್ನು ಹೇಳದೆ ಗಿಡ ಬೆಳೆಸಿರೆಂದು ಹೇಳುವುದು ತಪ್ಪಾಗುತ್ತದೆ. ಡೆಂಗಿ ಜ್ವರ ಹರಡುವ ಈಡಿಸ್ ಸೊಳ್ಳೆ ಇಂಥ ಸ್ವಚ್ಛ ನಿಂತ ನೀರಿನಲ್ಲೇ ಮೊಟ್ಟೆ ಇಡುತ್ತದೆ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಗಿ ಬಂತು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ವಾರದಲ್ಲಿ ಒಂದು ದಿನವನ್ನು ಗೊತ್ತು ಮಾಡಿಕೊಂಡು, ತಪ್ಪದೆ ಗಿಡವನ್ನು ಬೋರಲು ಮಾಡಿ ನೀರು ಚೆಲ್ಲಿ, ಎಲೆಯ ಸಂದಿಗಳನ್ನು ರಭಸದ ನೀರಿನಿಂದ ತೊಳೆದು, ಹೊಸ ನೀರು ಸ್ವಲ್ಪವೇ ಹಾಕಬೇಕು. ಚೆಲ್ಲಿದ ನೀರು ಒಣ ನೆಲಕ್ಕೆ ಬೀಳಲಿ. ಅಲ್ಲಿ ಮರಿಹುಳುಗಳು ಸಾಯುತ್ತವೆ. ಮಳೆಗಾಲದಲ್ಲಿ, ಅಥವಾ ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ಬಟ್ಟಲನ್ನು ಖಾಲಿಯಾಗಿಯೇ ಇಟ್ಟು ಬುಡದ ಮಿಶ್ರಣವನ್ನು ಮಾತ್ರ ತೇವವಾಗಿಟ್ಟರೂ ಗಿಡ ಬದುಕುತ್ತದೆ. ವಾರಕ್ಕೊಮ್ಮೆ ಇಷ್ಟು ಮಾಡಲು ಆಗದಿದ್ದವರು ಇಂಥ ಗಿಡಗಳನ್ನು ಹೆಚ್ಚು ಮಾಡದಿರುವುದೇ ಲೇಸು.

ಇನ್ನು ಔಷಧಿ. ನನ್ನ ಮೂರನೆಯ ತಪ್ಪು ಇದು. ಕುಷ್ಟಗಿ, ಕೊಪ್ಪಳದ ಕಡೆ ದಾಳಿಂಬೆ ಬೆಳೆಯುವವರು ಬೋರ್ಡೋ ದ್ರಾವಣ ಸಿಂಪಡಿಸುವುದು ತಮಗೆ ಗೊತ್ತು. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರದ ಲವಣ. ನಮ್ಮ ಮನೆಯವರು ಹೊಲದಿಂದ ತಂದ ಪಂಪಿನಲ್ಲಿ ಉಳಿದಿದ್ದ ದ್ರಾವಣವನ್ನು ನನ್ನ ಕುಂಡಗಳಿಗೂ ಒಂದಿಷ್ಟು ಹೊಡೆಯಿರಿ ಎಂದು ನಾನೇ ಹೇಳಿದೆ. ಎಲೆಗೆ ಚುಕ್ಕೆ ಬಂದಿತ್ತು, ಒಳ್ಳೆಯದಾಗಲಿ ಎಂದು. ನಾಲ್ಕು ಗಿಡಗಳು ನಡುವಿನಿಂದ ಕೊಳೆತು ಹೋದವು. ದಾಳಿಂಬೆಗೆ ಮದ್ದಾದದ್ದು ಬ್ರೊಮೀಲಿಯಾಡ್ ಗಿಡಗಳಿಗೆ ವಿಷ. ತಾಮ್ರ ಅವಕ್ಕೆ ಸ್ವಲ್ಪವೂ ಆಗಿಬರುವುದಿಲ್ಲ. ತಾಮ್ರವಿರುವ ಶಿಲೀಂಧ್ರನಾಶಕ ಬೇಡ, ಆ ಪಂಪೂ ಬೇಡ. ಗಿಡವನ್ನು ಕಟ್ಟಲು ತಾಮ್ರದ ತಂತಿ, ನೀರು ಕೂಡಿಡಲು ತಾಮ್ರದ ಹಂಡೆ ಇವೂ ಬೇಡ.

ಗೊಬ್ಬರ ಅಲ್ಪ. ಹೊಲಕ್ಕೆ ತರುವ ನೀರಿನಲ್ಲಿ ಕರಗುವ 19:19:19 ಗೊಬ್ಬರ ಇದ್ದರೆ ಲೀಟರ್ ನೀರಿಗೆ ಒಂದು ಗ್ರಾಂನಂತೆ ಕರಗಿಸಿ, ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ ಬುಡಕ್ಕೆ ಹಾಕಿ. ಬಟ್ಟಲಿಗೆ ಹಾಕಬಾರದು. ಗೊಬ್ಬರ ಹೆಚ್ಚಾದರೆ ನಿಯೋರೆಜೀಲಿಯಾದ ಕೆಂಪು ಬಣ್ಣ ಮಾಸಿ ಬರೀ ಹಸಿರಾಗುತ್ತದೆ.

ನಮ್ಮ ಊರಿನಲ್ಲಿ ಇನ್ನೊಂದು ಸಮಸ್ಯೆ ಇದೆ, ಕಪ್ಪು ಧೂಳು. ಬೆಳಿಗ್ಗೆ ಅಂಗಳ ಗುಡಿಸಿದರೆ ಸಂಜೆಗೆ ಕಾಲಿಗೆ ಹತ್ತುತ್ತದೆ. ಎಲೆಯಿಂದಲೇ ನೀರು ಹೀರುವ ಗಿಡಕ್ಕೆ ಧೂಳು ಕುಳಿತರೆ ಬಾಯಿ ಮುಚ್ಚಿದಂತೆ. ವಾರಕ್ಕೊಮ್ಮೆ ತೊಳೆಯುವಾಗ ಎಲೆಯ ಎರಡೂ ಬದಿಗೆ ನೀರು ಬಿಡಬೇಕು. ಆದರೆ ಈಕ್ಮಿಯಾದ ಬೆಳ್ಳಿಬಣ್ಣವನ್ನು ಬಟ್ಟೆಯಿಂದ ಉಜ್ಜಬಾರದು. ಆ ಬೂದಿಯೇ ಅದರ ನೀರು ಹೀರುವ ಶಲ್ಕ. ಇದೇ ಕುಟುಂಬದ ಟಿಲ್ಯಾಂಡ್ಸಿಯಾ ಎಂಬ ಗಿಡಗಳು ಮಣ್ಣೇ ಇಲ್ಲದೆ ಗಾಳಿಯಲ್ಲಿ ತೂಗಾಡಿಕೊಂಡು ಬದುಕುತ್ತವೆ. ಅವು ಗಾಳಿಯಲ್ಲಿದ್ದದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುವುದರಿಂದ ಬ್ರೆಜಿಲ್, ಅರ್ಜೆಂಟೀನಾ ಮುಂತಾದ ದೇಶಗಳಲ್ಲಿ ವಿಜ್ಞಾನಿಗಳು ಅವನ್ನು ನಗರಗಳಲ್ಲಿ, ಕಾರ್ಖಾನೆಗಳ ಬಳಿ ತೂಗುಬಿಟ್ಟು, ಆಮೇಲೆ ಪರೀಕ್ಷಿಸಿ ಗಾಳಿಯಲ್ಲಿ ಯಾವ ಲೋಹ ಎಷ್ಟಿದೆ ಎಂದು ಅಳೆದಿದ್ದಾರೆ. ಈ ಗಿಡಗಳಿಟ್ಟರೆ ಮನೆಯ ಗಾಳಿ ಶುದ್ಧವಾಗುತ್ತದೆ ಎಂದು ಮಾತ್ರ ಯಾರೂ ನಂಬಬೇಡಿ. ಗಿಡ ಧೂಳಿಗೆ ಸಾಕ್ಷಿಯಾಗಬಲ್ಲದು, ಪರಿಹಾರವಾಗಲಾರದು. ಧೂಳನ್ನು ಅದು ಏಳುವ ಜಾಗದಲ್ಲೇ ತಡೆಯಬೇಕು.

ನಾಟಿಯಾದ ಕಂದು ಹೂ ಬಿಡಲು ಒಂದರಿಂದ ಮೂರು ವರ್ಷ ಬೇಕು. ಗಿಡ ಪೂರ್ಣವಾಗಿ ಬೆಳೆದೂ ಹೂ ಬರದಿದ್ದರೆ ಒಂದು ಉಪಾಯವಿದೆ. ಬಟ್ಟಲಿನ ನೀರು ಚೆಲ್ಲಿ, ಗಿಡವನ್ನು ಕುಂಡದ ಸಮೇತ ದೊಡ್ಡ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಜೊತೆಗೆ ಚೆನ್ನಾಗಿ ಕಳಿತ ಒಂದು ಸೇಬು ಅಥವಾ ಬಾಳೆಹಣ್ಣು ಇಟ್ಟು ಬಾಯಿ ಕಟ್ಟಿ, ಏಳೆಂಟು ದಿನ ನೆರಳಿನಲ್ಲಿಡಿ. ಹಣ್ಣಿನಿಂದ ಹೊರಡುವ ಎಥಿಲೀನ್ ಎಂಬ ಅನಿಲ ಗಿಡಕ್ಕೆ ಹೂ ಬಿಡುವ ಸೂಚನೆ ಕೊಡುತ್ತದೆ. ಎರಡು ಮೂರು ತಿಂಗಳಲ್ಲಿ ಹೂವಿನ ಮೊಗ್ಗು ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಜೋರ್ಸ್ ದ್ವೀಪಗಳ ಅನಾನಸು ಬೆಳೆಗಾರರು ಗಾಜಿನ ಮನೆಯಲ್ಲಿ ಹೊಗೆ ತುಂಬಿದಾಗ ಗಿಡಗಳೆಲ್ಲ ಒಟ್ಟಿಗೆ ಹೂ ಬಿಟ್ಟದ್ದನ್ನು ಕಂಡರು. ಅದರ ಗುಟ್ಟೂ ಈ ಅನಿಲವೇ. ಇಂದಿನ ಅನಾನಸು ರೈತರು ಎಥಿಲೀನ್ ಬಿಡುಗಡೆ ಮಾಡುವ ಔಷಧಿಯನ್ನು ಇದೇ ಉದ್ದೇಶಕ್ಕೆ ಬಳಸುತ್ತಾರೆ. ಎಳೆಯ ಗಿಡಕ್ಕೆ ಮಾತ್ರ ಇದನ್ನು ಮಾಡಬೇಡಿ. ಹೂ ಬಿಟ್ಟ ಮೇಲೆ ಬಾಡುವುದು ಅದರ ಧರ್ಮ. ಎಳೆಯದಕ್ಕೆ ಹೂ ಬರಿಸಿದರೆ ಅದರ ಆಯುಷ್ಯವನ್ನು ನಾವೇ ಕಡಿಮೆ ಮಾಡಿದಂತೆ.

ಕಂದು ಬಿಡಿಸಿದ ಮೇಲೂ ತಾಯಿಗಿಡವನ್ನು ಎಸೆಯಬೇಡಿ. ಮರಳಿ ಕುಂಡದಲ್ಲಿಟ್ಟು ನೀರು ಕೊಡಿ. ಒಂದು ಕಂದು ಹೋದ ಜಾಗದಲ್ಲಿ ಇನ್ನೊಂದು ಬರುತ್ತದೆ. ನಮ್ಮ ಮೊದಲ ಈಕ್ಮಿಯಾ ಪೂರ್ತಿ ಒಣಗುವ ಮುನ್ನ ಒಟ್ಟು ನಾಲ್ಕು ಕಂದು ಕೊಟ್ಟಿತು. ಒಂದನ್ನು ನಾನು ಅವಸರದಿಂದ ಕಳೆದುಕೊಂಡೆ. ಉಳಿದ ಮೂರು ದೊಡ್ಡವಾದವು, ಅವೂ ಹೂ ಬಿಟ್ಟು ಕಂದು ಕೊಟ್ಟವು.

ಓಣಿಯ ಹೆಣ್ಣುಮಕ್ಕಳು ಬಂದು, "ಅಕ್ಕಾರ, ನಮಗೂ ಒಂದು ಕೊಡ್ರಿ" ಎಂದು ಕೇಳುತ್ತಾರೆ. ಕೊಡುವಾಗ ನಾನು ಮೂರು ಮಾತು ಹೇಳಿ ಕೊಡುತ್ತೇನೆ. ಹೂವು ಬಾಡಿದ ಮೇಲೆ ಗಿಡ ಒಗೆಯಬೇಡಿ. ಕಂದು ಅರ್ಧ ಬೆಳೆಯುವವರೆಗೆ ಕೈ ಹಚ್ಚಬೇಡಿ. ವಾರಕ್ಕೊಮ್ಮೆ ನೀರು ಚೆಲ್ಲುವುದನ್ನು ಮರೆಯಬೇಡಿ. ಈ ಮೂರನ್ನು ನೆನಪಿಟ್ಟವರ ಮನೆಯಲ್ಲಿ ಗಿಡ ಉಳಿದಿದೆ. ಈಗ ನಮ್ಮ ಓಣಿಯ ಏಳು ಮನೆಗಳಲ್ಲಿ ಆ ಒಂದೇ ಗಿಡದ ಸಂತಾನವಿದೆ. ನಮ್ಮ ಬಿಸಿಲಿಗೆ ಇದು ಬಾಳುವುದಿಲ್ಲ ಎಂದು ಅಂದು ನಾನು ಹೇಳಿದ್ದು ಸುಳ್ಳಾಯಿತೆಂಬುದು ನನಗೆ ಸಂತೋಷ.

ಕಂದು ತೋರಿಸಿದ ನಮ್ಮ ಅತ್ತೆ ಈಗ ಇಲ್ಲ. ಅವರು ಕುಳಿತುಕೊಳ್ಳುತ್ತಿದ್ದ ಜಗಲಿಯ ಮೂಲೆಯಲ್ಲಿ ಒಂದು ಈಕ್ಮಿಯಾ ಇಟ್ಟಿದ್ದೇನೆ. ಕಳೆದ ವರ್ಷ ಅದು ಹೂ ಬಿಟ್ಟಿತು. ಈಗ ಅದರ ಎಲೆ ಒಣಗತೊಡಗಿದೆ. ನಾನು ಬುಡ ನೋಡಿಯೇ ಇಲ್ಲಿಗೆ ಬಂದೆ. ಎರಡು ಕಂದು ಇವೆ. ಮುಂಗಾರಿನವರೆಗೆ ಕಾಯುತ್ತೇನೆ.

ತಮ್ಮ ಮನೆಯಲ್ಲೂ ಹೂ ಮುಗಿದ ಅಂಥ ಒಂದು ಗಿಡ ಮೂಲೆಯಲ್ಲಿ ಬಿದ್ದಿದ್ದರೆ, ದಯವಿಟ್ಟು ಇಂದೇ ಅದರ ಒಣ ಎಲೆಗಳನ್ನು ಸರಿಸಿ ಬುಡ ನೋಡಿ.